ಕಿವಿಗೆಂದು ಕೊರೆದ ತೂತು

ಚಳ್ಳಕೆರೆಯ ನಮ್ಮ ಮನೆಯ ಬಚ್ಚಲ ಗೋಡೆಗೆ ತೂತು ಕೊರೆದವಳು ನಾನು. ಪಾಲಯ್ಯ ಅಲ್ಲ. ಅವನು ಅದಕ್ಕೆ ಕಣ್ಣಿಟ್ಟವನೂ ಅಲ್ಲ. ನಮ್ಮ ಮನೆಯ ಹಂಡೆ ಒಲೆಗೆ ಉರಿ ಹಾಕುತ್ತಿದ್ದ ಆ ಮನುಷ್ಯನನ್ನು ಊರ ಕಟ್ಟೆಯ ಮುಂದೆ ನಿಲ್ಲಿಸಿ, ಕೆರದಲ್ಲಿ ಹೊಡೆದು, ಅರ್ಧ ಮೀಸೆ ಬೋಳಿಸಿ ಊರು ಬಿಡಿಸಿದರಲ್ಲ — ಆ ದಿನ ಬಾಗಿಲ ಹಿಂದೆ ನಿಂತು ಒಂದೇ ಒಂದು ಸುಳ್ಳು ಹೇಳಿದವಳೂ ನಾನೇ.

ಈ ಮಾತನ್ನು ಒಳಗಿಟ್ಟುಕೊಂಡೇ ಉಂಡೆ, ಮಲಗಿದೆ, ಮಗನನ್ನು ಹೆತ್ತೆ, ದೇವರಿಗೆ ದೀಪ ಹಚ್ಚಿದೆ. ಇಷ್ಟು ವರ್ಷವೂ ಅದು ಗಂಟಲಲ್ಲಿ ಸಿಕ್ಕಿಕೊಂಡೇ ಇತ್ತು ಅಂದರೆ ಕೇಳುವವರಿಗೆ ಅಯ್ಯೋ ಅನ್ನಿಸುತ್ತದೆ. ಆದರೆ ನಿಜ ಹಾಗಿಲ್ಲ. ಎಷ್ಟೋ ದಿನ ನನಗೆ ಅದರ ನೆನಪೇ ಆಗುತ್ತಿರಲಿಲ್ಲ. ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಹೇಸಿಗೆಯಾಗುವುದು ಅದಕ್ಕೇ.

ನಾನು ಮೊಳಕಾಲ್ಮೂರಿನವಳು. ಮಗ್ಗದ ಮನೆಯಲ್ಲಿ ಹುಟ್ಟಿದವಳು. ಮನೆಮಾತು ತೆಲುಗು, ಅಪ್ಪನನ್ನು ನಾವು ನಾಯನ ಅನ್ನುತ್ತಿದ್ದೆವು. ನಾನು ಚಿಕ್ಕವಳಿದ್ದಾಗಲೇ ಅಮ್ಮ ಹೋದಳು. ಆಮೇಲೆ ಮನೆಯಲ್ಲಿ ನಾನು, ನಾಯನ, ಮಗ್ಗ, ಇಷ್ಟೇ. ಅವನು ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರೆ ನಾನು ಪಕ್ಕದಲ್ಲಿ ಕೂತು ಎಳೆ ಸುತ್ತುತ್ತಿದ್ದೆ. ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ನಾಯನನಿಗೆ ಮಾತಿಲ್ಲದೆ ಕೈ ಓಡುತ್ತಿರಲಿಲ್ಲ.

ಚಳ್ಳಕೆರೆಗೆ ಕೊಟ್ಟರು. ಅತ್ತೆ ಮನೆಯವರೂ ನಮ್ಮವರೇ. ಆದರೆ ಮಗ್ಗ ಬಿಟ್ಟು ಜವಳಿ ಅಂಗಡಿ ಇಟ್ಟು, ನಾಲ್ಕು ಜನ 'ಸಾವ್ಕಾರ್ರೆ' ಅನ್ನುವಂತಾದವರು. ಹೊಸದಾಗಿ ಬಂದ ಸಾವುಕಾರಿಕೆಗೆ ಹಳೆಯ ಮಗ್ಗ ಕಂಡರೆ ಆಗುವುದಿಲ್ಲ. ಅತ್ತೆಯ ಅಂಗೈಯಲ್ಲಿ ಮಗ್ಗದ ಹಿಡಿಯ ಜಡ್ಡು ಇನ್ನೂ ಇತ್ತು, ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ನನಗೆ ಹೇಳಿದರು, "ಮನಿಯಾಗೆ ತೆಲುಗು ಆಡಬ್ಯಾಡ ಕಣವ್ವಾ. ಬಂದೋರು ನೇಯೋರ ಮನಿ ಅಂದ್ಕೊಂತಾರೆ." ಆಡಲಿಲ್ಲ. ಗಂಡನಾದವರು ಅಂಗಡಿಯ ಸರಕಿಗೆಂದು ತಿಂಗಳಲ್ಲಿ ಅರ್ಧ ಊರಲ್ಲಿರುತ್ತಿರಲಿಲ್ಲ. ಇದ್ದಾಗಲೂ ನಮ್ಮಿಬ್ಬರ ನಡುವೆ ಮಾತು ಕಡಿಮೆ. ನನಗೆ ಕನಸು ಬೀಳುತ್ತಿದ್ದದ್ದು ತೆಲುಗಿನಲ್ಲಿ. ಎದ್ದ ಮೇಲೆ ಅದನ್ನು ಹೇಳಲು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ.

ಮದುವೆಯಾದ ಮೊದಲ ವರ್ಷ ನಾಯನ ಒಮ್ಮೆ ಬಂದ. ಹೆಗಲ ಮೇಲೆ ಸೀರೆಯ ಗಂಟು, ಮೊಣಕಾಲವರೆಗೆ ದಾರಿಯ ಧೂಳು. ಮಾವನವರು ಅವನನ್ನು ಹೊರಜಗುಲಿಯಲ್ಲಿ ಕೂರಿಸಿದರು. ಯಾರೋ ದೊಡ್ಡ ಗಿರಾಕಿ ಬಂದು "ಇವ್ರು ಯಾರು?" ಅಂತ ಕೇಳಿದ್ದಕ್ಕೆ, "ಯಾರೋ ಮೊಳಕಾಲ್ಮೂರು ಕಡೆಯೋರು" ಅಂದುಬಿಟ್ಟರು. ನಾಯನನಿಗೆ ಕೇಳಿಸಿತು. ಕೊಟ್ಟ ನೀರು ಕುಡಿದು, ಲೋಟ ಕೆಳಗಿಟ್ಟು, ಎದ್ದು ಹೋದ. ಆಮೇಲೆ ಆ ಹೊಸ್ತಿಲು ಮೆಟ್ಟಲಿಲ್ಲ. ನನ್ನನ್ನು ಕಳಿಸಿ ಅಂತ ಕೇಳಲೂ ಇಲ್ಲ. ಇವರು ಕಳಿಸಲೂ ಇಲ್ಲ.

ಆದರೆ ಸಂತೆಗೆ ಬರುವುದನ್ನು ಬಿಡಲಿಲ್ಲ. ನಮ್ಮ ಹಿತ್ತಲ ಗೋಡೆಯಾಚೆ ಒಂದು ಬಯಲಿತ್ತು. ಮೊಳಕಾಲ್ಮೂರು ಕಡೆಯ ಗಾಡಿಗಳು ಎತ್ತು ಬಿಚ್ಚಿ ನಿಲ್ಲುತ್ತಿದ್ದದ್ದು ಅಲ್ಲೇ. ಬಚ್ಚಲಿನಲ್ಲಿ ಒಂದು ಕಿಂಡಿಯಿತ್ತು, ನನ್ನ ತಲೆಗಿಂತ ಎತ್ತರದಲ್ಲಿ. ಸಂತೆಯ ಬೆಳಿಗ್ಗೆ ಸ್ನಾನಕ್ಕೆ ಕೂತಾಗ ಆ ಕಿಂಡಿಯಿಂದ ನಾಯನನ ದನಿ ಬರುತ್ತಿತ್ತು. ಜೊತೆಯವನಿಗೆ "ಎದ್ದುಲಕು ನೀಳ್ಳು ಪೆಟ್ಟರಾ" ಅಂತ ಕೂಗುತ್ತಿದ್ದ. ಎತ್ತಿಗೆ ನೀರು ತೋರಿಸು ಅನ್ನುವುದು, ಅಷ್ಟೇ ಮಾತು. ನಾನು ಚೊಂಬು ಕೈಯಲ್ಲಿ ಹಿಡಿದು ಹಾಗೇ ಕೂತುಬಿಡುತ್ತಿದ್ದೆ. ನೀರು ಹಾಕಿಕೊಂಡರೆ ಸದ್ದಿನಲ್ಲಿ ದನಿ ಮುಚ್ಚಿಹೋಗುತ್ತದಲ್ಲ.

ಹಿತ್ತಲ ಬಾಗಿಲಿಗೆ ಬೀಗ. ಬೀಗದ ಕೈ ಅತ್ತೆಯ ಸೊಂಟದಲ್ಲಿ. ಹೋಗಿ ನೋಡುವ ಆಸೆಯನ್ನು ನಾನೇ ಬಿಟ್ಟಿದ್ದೆ. ದನಿ ಸಾಕಾಗಿತ್ತು.

ಆಗ ಬಂತು ಆ ಪಿಂಗಾಣಿ ಬಿಲ್ಲೆಗಳ ಹುಚ್ಚು. ಮಾವನವರು ಮದರಾಸಿನಲ್ಲಿ ಯಾರದೋ ಮನೆಯಲ್ಲಿ ನೋಡಿ ಬಂದಿದ್ದರು — ಬಚ್ಚಲ ಗೋಡೆಗೆಲ್ಲ ಬೆಳ್ಳಗೆ ಹೊಳೆಯುವ ಬಿಲ್ಲೆ. ರಾಯದುರ್ಗದವರೆಗೆ ರೈಲಿನಲ್ಲಿ, ಅಲ್ಲಿಂದ ಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿ ಗಾಡಿಯ ಮೇಲೆ ಬಂದವು. ದಾರಿಯಲ್ಲಿ ನನ್ನ ಊರನ್ನು ಹಾಯ್ದೇ ಬಂದಿರಬೇಕು. ಬಿಲ್ಲೆ ಕೂರಿಸುವಾಗ ಅತ್ತೆ, "ಹೆಂಗಸ್ರ ಬಚ್ಚಲಿಗೆ ಕಿಂಡಿ ಯಾತಕ್ಕೆ? ಮುಚ್ಚಿಬಿಡ್ರಿ" ಅಂದರು. ಕಿಂಡಿಯ ಜಾಗಕ್ಕೆ ಒಂದೇ ಸಾಲು ಇಟ್ಟಿಗೆ ಇಟ್ಟು ಮಣ್ಣು ಮೆತ್ತಿ, ಮೇಲೆ ಬಿಲ್ಲೆ ಅಂಟಿಸಿದರು. ಊರ ಹೆಂಗಸರೆಲ್ಲ ಬಂದು ಸವರಿ ನೋಡಿ ಹೋದರು. ಮುಂದಿನ ಸಂತೆಯ ದಿನ ನಾನು ಬಚ್ಚಲಲ್ಲಿ ಕೂತು ಕಾದೆ. ಹಂಡೆಯ ನೀರು ಕುದಿಯುವ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ.

ಅದನ್ನು ಹೇಗೆ ಹೇಳಲಿ — ಅಮ್ಮ ಸತ್ತಾಗಲೂ ನನಗೆ ಹಾಗಾಗಿರಲಿಲ್ಲ.

ಅಟ್ಟದ ಮೇಲೆ ಹಳೇ ಮಗ್ಗದ ಸಾಮಾನು ಬಿದ್ದಿತ್ತು. ನಾಚಿಕೆಯಿದ್ದರೂ ಎಸೆಯಲು ಅತ್ತೆಗೆ ಮನಸ್ಸು ಬಂದಿರಲಿಲ್ಲ. ಉಪ್ಪಿನಕಾಯಿ ಜಾಡಿ ತರಲು ಹತ್ತಿದವಳು ರಾಟೆಯ ಒಂದು ಕಬ್ಬಿಣದ ಕದಿರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದೆ. ಅದರ ತುದಿಯನ್ನು ಒಗೆಯುವ ಕಲ್ಲಿಗೆ ಉಜ್ಜಿ ಚಪ್ಪಟೆ ಮಾಡಿದೆ. ನಾಯನ ಎಮ್ಮೆಕೊಂಬಿನ ಲಾಳಿಗೆ ಕಣ್ಣು ಕೊರೆಯುವುದನ್ನು ನೋಡಿ ಬೆಳೆದವಳು ನಾನು. ಎಷ್ಟೋ ಸಲ ಆ ಕೊರೆಯುವ ಬಿಲ್ಲು ಎಳೆದವಳೂ ನಾನೇ. ಬಿದಿರ ಕಡ್ಡಿ ಬಗ್ಗಿಸಿ, ನನ್ನ ಹಳೇ ಸೀರೆಯ ಅಂಚಿನ ರೇಷ್ಮೆ ಎಳೆಗಳನ್ನು ಹೊಸೆದು ಹೆದೆ ಕಟ್ಟಿದೆ. ಅದನ್ನು ಕದಿರಿಗೆ ಒಂದು ಸುತ್ತು ಸುತ್ತಿ, ಹಿಂದಕ್ಕೆ ಮುಂದಕ್ಕೆ ಎಳೆದರೆ ಕದಿರು ಗಿರಗಿರ ತಿರುಗುತ್ತದೆ. ಹಿಂದುಗಡೆಯಿಂದ ಅದುಮಲು ಅರ್ಧ ತೆಂಗಿನ ಚಿಪ್ಪು.

ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬಳೇ ಇರಬಹುದಾದ ಜಾಗ ಬಚ್ಚಲೊಂದೇ. ಎಲ್ಲರದ್ದೂ ಆದ ಮೇಲೆ ಕೊನೆಗೆ ನನ್ನ ಸ್ನಾನ. ಕಿಂಡಿ ಮುಚ್ಚಿದ ಜಾಗದಲ್ಲೇ ಎಲ್ಲಕ್ಕಿಂತ ಕೆಳಗಿನ ಬಿಲ್ಲೆಯನ್ನು ಆರಿಸಿಕೊಂಡೆ. ಮಣೆಯ ಮೇಲೆ ನಿಂತರೆ ಸರಿಯಾಗಿ ನನ್ನ ಕಿವಿಗೆ ಬರುತ್ತಿತ್ತು. ಮೊದಲ ದಿನ ಕದಿರು ಜಾರಿ ಜಾರಿ ಹೋಯಿತು. ಅಂಥ ನುಣುಪಿನ ಮೇಲೆ ಯಾವುದೂ ನಿಲ್ಲುವುದಿಲ್ಲ. ಸಿಟ್ಟು ಬಂದು ಜೋರಾಗಿ ಒತ್ತಿದರೆ ಬಿಲ್ಲೆಯೇ ಸೀಳಿ ಹೋಗುತ್ತದೆ ಅನ್ನುವುದು ಗೊತ್ತಿತ್ತು. 'ಒತ್ತಬೇಡ, ತಿರುಗಿಸು' ಅನ್ನುತ್ತಿದ್ದ ನಾಯನ. ಕಡಲೆಹಿಟ್ಟು ಕಲಸಿ ಗೋಡೆಗೆ ಒಂದು ಪುಟ್ಟ ಬಟ್ಟಲಿನಂತೆ ಅಂಟಿಸಿ, ಅದರೊಳಗೆ ನೀರು, ಸಾಣೆಕಲ್ಲಿನ ಪುಡಿ ಹಾಕಿಕೊಂಡು ತಿರುಗಿಸಿದೆ. ಆ ಹೊಳಪು ಬಿಡಿಸಲಿಕ್ಕೇ ದಿನಗಳು ಹಿಡಿದವು. ಬೆರಳು ಇಟ್ಟು ನೋಡಿದರೆ ಎಳ್ಳಿನಷ್ಟು ಗುಳಿ. ಒಂದು ಕೈಯಲ್ಲಿ ಬಿಲ್ಲು ಎಳೆಯುವುದು, ನಡುನಡುವೆ ಸದ್ದು ಮುಚ್ಚಲು ಚೊಂಬಿನಿಂದ ನೀರು ಸುರಿಯುವುದು. ಅತ್ತೆ ಹೊರಗಿನಿಂದ, "ಎಷ್ಟೊತ್ತೇ ಮಾರಾಯ್ತಿ, ಚರ್ಮ ಸುಲ್ಕೊಂತೀಯಾ?" ಅಂತ ಕೂಗುತ್ತಿದ್ದರು.

ಬಿಲ್ಲೆ ದಾಟಿದ ಮೇಲೆ ಇಟ್ಟಿಗೆ ಸಂದಿನ ಮಣ್ಣು ಎಷ್ಟರದು. ಒಂದು ಬೆಳಿಗ್ಗೆ ಕದಿರು ತಟ್ಟನೆ ಆಚೆ ಹೋಯಿತು. ಎಳೆದುಕೊಂಡೆ, ತಣ್ಣನೆಯ ಗಾಳಿ ಕಿವಿಗೆ ಬಡಿಯಿತು. ನನಗೆ ನಗು ಬಂದು ಬಾಯಿಗೆ ಸೆರಗು ತುರುಕಿಕೊಂಡೆ. ಮುಗಿದ ಮೇಲೆ ಸೀಗೆಪುಡಿಗೆ ಸುಣ್ಣ ಕಲಸಿ ಬಿರಡೆ ಮಾಡಿ ಮುಚ್ಚಿದೆ. ಸಂತೆಯ ದಿನ ಮಾತ್ರ ತೆಗೆಯುವುದು.

ಈಗ ಪಾಲಯ್ಯನ ಮಾತು.

ಹಂಡೆ ಒಲೆಯ ಬಾಯಿ ಹೊರಗಿತ್ತು, ಬಯಲಿನ ಕಡೆಗೆ. ಅವನು ಕತ್ತಲಿರುವಾಗಲೇ ಬಂದು ಜಾಲಿ ಸೌದೆ ಹಾಕಿ ಉರಿ ಹಚ್ಚಿ, ಎಲ್ಲರ ಸ್ನಾನ ಮುಗಿಯುವವರೆಗೆ ಅಲ್ಲೇ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದ. ನೇರವಾಗಿ ನನ್ನ ಜೊತೆ ಮಾತಾಡಿದ್ದೇ ಅಪರೂಪ, ಆಡಿದರೆ "ನೀರು ಸಾಕಾ ಅವ್ವಾ?" ಅಷ್ಟೇ. ತೂತು ಬಿದ್ದ ಮೇಲಿನ ಸಂತೆಗಳಲ್ಲಿ ಅವನು ತನ್ನಷ್ಟಕ್ಕೆ ತಾನೇ ಗಟ್ಟಿಯಾಗಿ ಹೇಳಿಕೊಳ್ಳುವುದು ಕೇಳಿಸುತ್ತಿತ್ತು — "ಮೊಳಕಾಲ್ಮೂರು ಗಾಡಿ ಬಂದ್ವಪ್ಪೋ." ಆಮೇಲೆ ನಾಯನನನ್ನು ಕರೆಯುತ್ತಿದ್ದ, "ಬರ್ರಿ ಯಜಮಾನ್ರೆ, ಚಳಿ ಐತೆ, ಉರಿ ಕಾಸ್ಕಳ್ರಿ." ನಾಯನ ಬಂದು ಒಲೆಯ ಮುಂದೆ ಕೂರುತ್ತಿದ್ದ. ನನ್ನಿಂದ ಒಂದು ಮಾರು ದೂರ. ನಡುವೆ ಆ ಗೋಡೆ. "ಮಳೆ ಆತಾ ನಿಮ್ ಕಡೆ? ಮಗ್ಗ ಎಂಗ್ ನಡೀತೈತೆ?" ಅಂತ ಪಾಲಯ್ಯ ಒಂದಾದ ಮೇಲೊಂದು ಕೇಳುತ್ತಿದ್ದ. ನಾಯನನಿಗೆ ಮಾತು ಹಚ್ಚಿದರೆ ಸಾಕಲ್ಲ. ಅರ್ಧ ಕನ್ನಡ, ಅರ್ಧ ತೆಲುಗು ಸುರಿಯುತ್ತಿತ್ತು. ಒಂದು ಸಲ, "ಒಳಗೆ ನನ್ನ ಕೂಸು ಐತಪ್ಪಾ, ಚೆನ್ನಾಗೈತಾ?" ಅಂದ. ಪಾಲಯ್ಯ, "ಐತ್ರಿ. ಚೆನ್ನಾಗೈತೆ" ಅಂದ.

ಆಗ ನಾನು ಇದನ್ನೆಲ್ಲ ನನ್ನ ಪುಣ್ಯ ಅಂದುಕೊಂಡೆ. ಮಾತಿನ ಮಲ್ಲ ಈ ಪಾಲಯ್ಯ, ಕಾಲ ಕಳೆಯಲು ಹರಟುತ್ತಾನೆ ಅಂದುಕೊಂಡೆ. ಎಷ್ಟು ದಡ್ಡಿ ಇದ್ದೆ ನಾನು — ಇಲ್ಲ, ದಡ್ಡತನವಲ್ಲ. ಒಲೆಗೆ ಉರಿ ಹಾಕುವವನಿಗೂ ಒಂದು ಮನಸ್ಸಿರುತ್ತದೆ ಅಂತ ಯೋಚಿಸುವಷ್ಟು ಅವನ ಕಡೆ ನೋಡಿರಲಿಲ್ಲ.

ಒಂದು ಸಂತೆಯ ದಿನ ನಾಯನ ಬರಲಿಲ್ಲ. ಗಾಡಿಗಳು ಬಂದವು, ಬೇರೆಯವರ ದನಿ ಬಂತು, ಅವನದಿಲ್ಲ. ನಾನು ಅತ್ತುಕೊಂಡು ಮುಖ ತೊಳೆದು ಅವಸರದಲ್ಲಿ ಬಿರಡೆಯನ್ನು ಹೇಗೋ ಮೆತ್ತಿ ಹೊರಬಂದೆ. ಮರುದಿನ ಅತ್ತೆಯ ಎಣ್ಣೆಸ್ನಾನ. ಹಬೆಗೆ ಮೆತ್ತಗಾಗಿ ಅದು ಬಿದ್ದುಹೋಯಿತು. ಬೆಳಗಿನ ಬಿಸಿಲು ಕೋಲಿನಂತೆ ಒಳಗೆ ಬಂದು ಅವರ ಮೈಮೇಲೆ ಬಿತ್ತು. ಅತ್ತೆ ಕಿರುಚಿದ ಸದ್ದಿಗೆ ಅಂಗಡಿಯಿಂದ ಆಳುಗಳು ಓಡಿಬಂದರು. ಗೋಡೆಯಾಚೆ, ತೂತಿನ ನೇರ ಕೆಳಗೆ, ಪಾಲಯ್ಯ ಕೂತಿದ್ದ. ಇನ್ನೇನು ಬೇಕು.

ಒಂದು ಮಾತು ಹೇಳಬೇಕು. ಹೀಗೆ ಪುಡಿ ಹಾಕಿ ತಿರುಗಿಸಿ ಕೊರೆದ ತೂತು ಎರಡೂ ಕಡೆ ಒಂದೇ ಸಮ ಇರುವುದಿಲ್ಲ. ಶುರು ಮಾಡಿದ ಕಡೆ ಬಾಯಿ ಅಗಲ, ಹೋಗ್ತಾ ಹೋಗ್ತಾ ಕಿರಿದು. ಒಂದು ಸಲ ನೋಡಿದ್ದರೆ ಒಳಗಿನಿಂದ ಕೊರೆದದ್ದು ಅಂತ ಯಾರಿಗಾದರೂ ತಿಳಿಯುತ್ತಿತ್ತು. ಆದರೆ ಹೆಂಗಸರ ಬಚ್ಚಲಿಗೆ ಕಾಲಿಟ್ಟು ನೋಡುವುದು ಗಂಡಸರಿಗೆ ಮರ್ಯಾದೆಯಲ್ಲ. ಆದ್ದರಿಂದ ನ್ಯಾಯ ಹೇಳಿದವರಲ್ಲಿ ಒಬ್ಬರೂ ಆ ಬಿಲ್ಲೆಯನ್ನು ನೋಡಲಿಲ್ಲ. ನೋಡಿದ್ದು ಅತ್ತೆ ಮಾತ್ರ. ಬೆರಳು ಇಟ್ಟು ತಡವಿದರು, ಬಹಳ ಹೊತ್ತು. ಅವರೂ ಒಂದು ಕಾಲಕ್ಕೆ ಲಾಳಿ ಕೊರೆದವರೇ. ಗೊತ್ತಾಯಿತೋ ಏನೋ — ಅವರು ಈಗಿಲ್ಲ, ನನ್ನ ಪಾಪದಲ್ಲಿ ಅವರಿಗೆ ಪಾಲು ಕೊಡುವುದು ಬೇಡ.

ನಮ್ಮ ಮನೆಯ ಮುಂದೆಯೇ ಬೇವಿನ ಮರದ ಕಟ್ಟೆ. ಪಾಲಯ್ಯನನ್ನು ಅಲ್ಲಿ ನಿಲ್ಲಿಸಿದರು. ಹೆಂಗಸರು ಬಾಗಿಲ ಹಿಂದೆ. ಅವನು ಹೇಳಿದ್ದು ಇಷ್ಟೇ: "ನಾನಲ್ಲ ಬುದ್ದಿ." ಮತ್ತ್ಯಾರು ಅಂತ ಕೇಳಿದರೆ, "ಗೊತ್ತಿಲ್ಲ ಬುದ್ದಿ." ಕೆರದ ಏಟು ಬೀಳುವಾಗಲೂ ಅದೇ. ಒಬ್ಬ ಹಿರಿಯರು, ಸುಮ್ಮನೆ ಹೊಡೆಯುವುದಲ್ಲ, ಮನೆಯ ಹೆಂಗಸರನ್ನೊಂದು ಮಾತು ಕೇಳಿ ಅಂದರು. ಅತ್ತೆ ನನ್ನ ಕಡೆ ತಿರುಗಿದರು.

"ದಿನಾ ಕಡೀಗೆ ನೀರು ಹಾಕ್ಕೊಳ್ಳಾಕಿ ನೀನು. ನಿನಗೇನಾರ ಗೊತ್ತೈತೇನೇ?"

ಹೇಳಬಹುದಿತ್ತು. ನಾಲಿಗೆಯ ಮೇಲೆ ಬಂದಿತ್ತು — ನಾನೇ ಕಣತ್ತೇ, ನಮ್ಮಪ್ಪನ ದನಿ ಕೇಳಾಕೆ — ಅಂತ. ಹೇಳಿದ್ದರೆ ಏನಾಗುತ್ತಿತ್ತು? ಬೈಯುತ್ತಿದ್ದರು, ಹೊಡೆಯುತ್ತಿದ್ದರು, ಬಾವಿಯ ಕಡೆ ತಳ್ಳುತ್ತಿದ್ದರೋ ಏನೋ. ಯಾರಿಗಾಗಿ ಕೊರೆದೆ ಅಂತ ಕೇಳಿದಾಗ ಅಪ್ಪನಿಗೆ ಅಂದರೆ ನಂಬುತ್ತಿದ್ದರೋ ಇಲ್ಲವೋ. ಸುಮ್ಮನಾದರೂ ಇರಬಹುದಿತ್ತು. ಗೊತ್ತಿಲ್ಲ ಅಂದಿದ್ದರೂ ಸಾಕಿತ್ತು. ಆದರೆ ನಾನು ಅಂದದ್ದು —

"ಬೆಳಗಿನ ಹೊತ್ತು ಆ ಕಡಿಂದ ಯಾರೋ ಉಸಿರು ಬಿಟ್ಟಂಗೆ ಕೇಳಿಸ್ತಿತ್ತು."

ಈ ಸುಳ್ಳು ಎಲ್ಲಿಂದ ಬಂತೋ ಗೊತ್ತಿಲ್ಲ. ಅಷ್ಟು ಸಲೀಸಾಗಿ ಬಂತು. ಅತ್ತೆ ಅದನ್ನು ಹೊರಗೆ ಹೇಳಿದರು. ಪಾಲಯ್ಯ ತಲೆಯೆತ್ತಿ ಒಂದು ಸಲ ನಮ್ಮ ಬಾಗಿಲ ಕಡೆ ನೋಡಿದ. ಆಮೇಲೆ "ನಾನಲ್ಲ" ಅನ್ನುವುದನ್ನೂ ನಿಲ್ಲಿಸಿದ. ಹೊತ್ತು ಮುಳುಗುವುದರೊಳಗೆ ಹೆಂಡತಿಯನ್ನೂ ಪುಟ್ಟ ಮಗಳನ್ನೂ ಕರೆದುಕೊಂಡು ಊರು ಬಿಟ್ಟ.

ತೂತಿಗೆ ಗಾರೆ ತುಂಬಿದರು. ನಾಯನನಿಗೆ ಆ ಸಲ ಬರೀ ಜ್ವರವಂತೆ. ಎದ್ದು ಮತ್ತೆ ಸಂತೆಗೆ ಬಂದಾಗ ಸುದ್ದಿ ಅವನ ಕಿವಿಗೂ ಬಿತ್ತು. ಮಗಳ ಮನೆಯ ಮಾನ ಹೋದ ಜಾಗ ಅಂತ ಆ ಬಯಲಿನಲ್ಲಿ ಗಾಡಿ ಬಿಡುವುದನ್ನೇ ನಿಲ್ಲಿಸಿದನಂತೆ. ಅವನ ದನಿ ನಾನು ಮತ್ತೆ ಕೇಳಲಿಲ್ಲ. ಸತ್ತಾಗ ಕಳಿಸಿದರು, ಹೋದೆ. ಆಗ ಅವನು ಮಾತಾಡುವಂತಿರಲಿಲ್ಲ.

ಅತ್ತೆ, ಮಾವ, ಗಂಡ ಎಲ್ಲ ಒಬ್ಬೊಬ್ಬರಾಗಿ ಹೋದರು. ಈ ಬೇಸಿಗೆಯಲ್ಲಿ ಮಗ ಬಚ್ಚಲನ್ನು ದೊಡ್ಡದು ಮಾಡಿಸುತ್ತೇನೆಂದು ಗೋಡೆ ಕೆಡವಿಸಿದ. ಆ ಒಂದು ಬಿಲ್ಲೆಯನ್ನು ಒಡೆಯಬೇಡಿ ಅಂತ ಹೇಳಿ ಇಸಿದುಕೊಂಡೆ. ಗಾರೆ ಕೆರೆದು ಬಿಸಿಲಿಗೆ ಹಿಡಿದೆ. ನನ್ನ ಕಡೆ ಕಡಲೆಕಾಳಿನಷ್ಟು ಬಾಯಿ, ಆಚೆ ಕಡೆ ಜೋಳದ ಕಾಳಿನಷ್ಟು. ಇಷ್ಟು ವರ್ಷ ಗೋಡೆಯಲ್ಲೇ ಇತ್ತು ಸಾಕ್ಷಿ, ಗಾರೆ ಕೆರೆದರೆ ಯಾರು ಬೇಕಾದರೂ ನೋಡುವಂತೆ.

ವಿಚಾರಿಸಿದೆ. ಪಾಲಯ್ಯ ಸಿದ್ದಾಪುರದ ಕಡೆ ಹೋಗಿ ನೆಲೆ ನಿಂತಿದ್ದನಂತೆ, ತೀರಿಕೊಂಡು ಕೆಲವು ವರ್ಷವಾಯಿತಂತೆ. ಮಗಳು ಮಾರಕ್ಕ ಅಲ್ಲೇ ಇದ್ದಾಳೆ. ಗಾಡಿ ಕಟ್ಟಿಸಿಕೊಂಡು ಹೋದೆ, ಬಿಲ್ಲೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು. ಬ್ರಹ್ಮಗಿರಿಯ ಬಂಡೆಗಳ ಬುಡದಲ್ಲಿ ಅವಳ ಕುರಿ ಹಟ್ಟಿ. ಮರಿಗಳಿಗೆ ಸೊಪ್ಪು ಹಾಕುತ್ತಿದ್ದವಳು ಯಾರು ಬಂದದ್ದೆಂದು ತಿಳಿದು ಎದ್ದು ನಿಂತಳು. ಕೂರಲು ಕಂಬಳಿ ಹಾಸಿದಳು. ನಾನು ಕೂರದೆಯೇ ಎಲ್ಲ ಹೇಳಿದೆ. ಬಿಲ್ಲೆ ತೋರಿಸಿದೆ. ಅಳಬಾರದು ಅಂದುಕೊಂಡು ಹೋಗಿದ್ದೆ, ಅತ್ತುಬಿಟ್ಟೆ.

ಅವಳು ಅಳಲಿಲ್ಲ. ಸಿಟ್ಟೂ ಮಾಡಲಿಲ್ಲ. "ನಮಗೆ ಗೊತ್ತೈತ್ರಿ" ಅಂದಳು. "ಗೋಡೆ ಮಣ್ಣು ದಿನಾ ನಮ್ಮಪ್ಪನ ಸೌದೆ ಮ್ಯಾಲೆ ಉದುರ್ತಿತ್ತಂತೆ. ಗುಡಿಸಿ ಒಲಿಗೆ ಹಾಕ್ತಿದ್ನಂತೆ. ಆಯಮ್ಮ ಅಪ್ಪನ ಮಾತು ಕೇಳ್ತೈತೆ, ಕೇಳ್ಲಿ ಬಿಡು ಅಂತ ಅವನೇ ನಿಮ್ಮಪ್ಪನ್ನ ಕರ್ದು ಕೂರಿಸ್ಕೊಂತಿದ್ನಂತೆ."

ಅವಳು ಹಾಸಿದ ಕಂಬಳಿಯ ಮೇಲೆ ಕೂತೆ.

"ಮತ್ತೆ ಅವತ್ತು ಯಾಕೆ ಹೇಳಲಿಲ್ಲ?" ಅಂತ ಕೇಳಿದೆ. ಕೇಳುವ ಮುಖ ಯಾರಿಗಿದೆ — ಆದರೂ ಕೇಳಿದೆ.

"ಹೇಳಿದ್ರೆ ಆಯಮ್ಮನ್ನ ಉಳಿಸ್ತಿರಲಿಲ್ಲ ಅಂತಿದ್ದ. ಇವತ್ತಲ್ಲ ನಾಳೆ ಆಯಮ್ಮನೇ ಹೇಳ್ತೈತೆ, ಊರೋರು ಕರೀತಾರೆ ಅಂತ ಕಾಯ್ಕಂಡಿದ್ದ. ಗಾಡಿ ಸದ್ದಾದ್ರೆ ಎದ್ದು ನೋಡ್ತಿದ್ದ. ನಮ್ಮವ್ವ ನೀರು ಹಾಕ್ಕೊಳ್ಳಾಕೆ ಹೋದ್ರೆ, ನಾನು ಹೋದ್ರೂವೆ, ಆ ಬಂಡೆ ಐತಲ್ಲ, ಅಲ್ಲಿಗ್ ಹೋಗಿ ಆ ಕಡಿ ಮುಖ ಮಾಡಿ ಕುಂತ್ಕಂತಿದ್ದ. ನಾವು ಕರದ್ರೇನೇ ಬರೋನು. ಸಾಯೋಗಂಟ ಹಂಗೇ ಇದ್ದ."

ಅವಳು ತೋರಿಸಿದ ಬಂಡೆ ಹಟ್ಟಿಯಿಂದ ಕೂಗಳತೆಯಲ್ಲಿತ್ತು. ಕೂತು ಕೂತು ನುಣುಪಾಗಿತ್ತೇನೋ ಅನ್ನಿಸಿತು. ನನ್ನ ಕಣ್ಣೂ ಮಂಜಾಗಿತ್ತು, ಸರಿಯಾಗಿ ಕಾಣಲಿಲ್ಲ.

ಬಿಲ್ಲೆಯನ್ನು ಅವಳ ಕೈಗೆ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ. "ನಮಗ್ ಗೊತ್ತಿರೋದನ್ನ ನಮಗ್ ಹೇಳಾಕೆ ಇಷ್ಟು ದೂರ ಬಂದ್ರಾ ಅವ್ವಾ? ನಮ್ಮಪ್ಪನ್ನ ನಿಲ್ಸಿದ್ ಕಟ್ಟೆ ಐತಲ್ಲ, ಗೊತ್ತಿಲ್ದೋರು ಅಲ್ಲಿ ಅವರೆ. ಅಲ್ಲಿ ಹೇಳ್ರಿ" ಅಂದಳು. ಹೊರಡುವಾಗ ಒಂದು ಚೊಂಬು ಮಜ್ಜಿಗೆ ಕೊಟ್ಟಳು. ಕುಡಿದೆ. ಆ ಮಜ್ಜಿಗೆ ಕುಡಿದದ್ದಕ್ಕೂ ನನಗೆ ನಾಚಿಕೆಯಾಗುತ್ತದೆ.

ನಾಳೆ ಸಂತೆ. ಮಗನಿಗೆ ಹೇಳಿದ್ದೇನೆ. "ಸತ್ತೋರ ಸುದ್ದಿ ಈಗ್ಯಾಕವ್ವ, ಮನಿ ಮರ್ಯಾದಿ ನೋಡು" ಅಂದ. ಅವನ ಬಾಯಲ್ಲಿ ಅವನ ಅಜ್ಜಿಯ ದನಿ ಕೇಳಿಸಿತು. ಅದು ನಾನು ಬೆಳೆಸಿದ ಬೆಳೆಯೇ. ಅವನು ಸೊಸೆಯನ್ನು ಕರೆದುಕೊಂಡು ಒಳಗೆ ಹೋದ. ಇವತ್ತು ಸಂಜೆಯಿಂದ ನನ್ನ ಜೊತೆ ಯಾರೂ ಮಾತಾಡಿಲ್ಲ. ನಾಳೆಯ ನಂತರ ಆಡುತ್ತಾರೋ ಇಲ್ಲವೋ. ಮಾರಕ್ಕ ಬರುವುದಿಲ್ಲ, ಬಾ ಅಂತ ಕರೆಯುವ ಧೈರ್ಯ ನನಗಾಗಲಿಲ್ಲ.

ಬೇವಿನ ಮರ ಈಗಲೂ ಇದೆ. ಬೆಳಿಗ್ಗೆ ಜನ ಸೇರುವ ಹೊತ್ತಿಗೆ ಹೋಗಿ ಅದರ ಕೆಳಗೆ ನಿಲ್ಲುತ್ತೇನೆ, ಅವನು ನಿಂತಿದ್ದಲ್ಲೇ, ಬಿಲ್ಲೆ ಹಿಡಿದುಕೊಂಡು. ತೂತಿನ ಅಗಲದ ಬಾಯಿ ಯಾವ ಕಡೆ ಅಂತ ಎಲ್ಲರ ಕೈಯಲ್ಲೂ ಮುಟ್ಟಿಸುತ್ತೇನೆ. ಇದು ಕಣ್ಣಿಗೆ ಮಾಡಿದ್ದಲ್ಲ, ಕಿವಿಗೆ ಮಾಡಿದ್ದು ಅನ್ನುತ್ತೇನೆ. ಕೇಳಿದವರು ನಂಬಲಿ, ಉಗಿಯಲಿ. ಅವನು ಕಾದಷ್ಟೂ ಕಾಲ ನಾನು ಬರಲಿಲ್ಲ. ಈಗ ಹೋಗುತ್ತಿರುವುದು ಅವನಿಲ್ಲದ ಕಟ್ಟೆಗೆ.